ಇನ್ನೊಂದು ಮಗು ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ವೇ?

ಕಳೆದ ವರ್ಷ ದಸರಾ ರಜೆ ಮುಗಿದು ಶಾಲೆ ಶುರುವಾದ ವಾರ. ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ, ಮಗಳ ಕ್ಲಾಸ್ ಟೀಚರ್ ಫೋನ್ ಬಂತು. “ಮೇಡಂ, ಒಂದ್ಸಲ ನಿಮ್ಮ ಮಗಳ ಕಣ್ಣು ತೋರಿಸಿಬಿಡಿ. ಬೋರ್ಡ್ ಮೇಲೆ ಬರೆದದ್ದು ಅವಳಿಗೆ ಕಾಣ್ತಿಲ್ಲ ಅನ್ಸುತ್ತೆ. ಪಕ್ಕದ ಹುಡುಗಿಯ ನೋಟ್ಸ್ ನೋಡ್ಕೊಂಡು ಬರೀತಾಳೆ” ಅಂದರು. ನನಗೆ ಮೊದಲು ಬಂದದ್ದು ಸಿಟ್ಟು. ಕಣ್ಣು ಕಾಣದಿದ್ದರೆ ಮನೆಯಲ್ಲಿ ಹೇಳೋಕೇನು ಕಷ್ಟ?

ಮಾರನೇ ದಿನ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಎರಡೂ ಕಣ್ಣಿಗೆ ಮೈನಸ್ ಎರಡೂವರೆ. “ಎಷ್ಟು ದಿನದಿಂದಮ್ಮಾ ಮಸುಕು ಕಾಣ್ತಿರೋದು?” ಎಂದು ಡಾಕ್ಟರು ಕೇಳಿದರೆ, ಅವಳು ನನ್ನ ಮುಖ ನೋಡದೆ “ಹೋದ ವರ್ಷದಿಂದ” ಅಂದಳು. ಆಟೋದಲ್ಲಿ ವಾಪಸ್ ಬರುವಾಗ ಕೇಳಿದೆ, “ಯಾಕೆ ಪುಟ್ಟಿ, ನನ್ನ ಹತ್ರ ಹೇಳಬಾರದಿತ್ತಾ?” ಅವಳು ಹೊರಗೆ ನೋಡಿಕೊಂಡೇ ಹೇಳಿದಳು: “ಪುಟ್ಟನ ಥೆರಪಿಗೇ ತುಂಬಾ ದುಡ್ಡಾಗ್ತಿದೆ ಅಂತ ನೀನೂ ಅಪ್ಪನೂ ಮಾತಾಡ್ತಿದ್ರಲ್ಲ. ಕನ್ನಡಕಕ್ಕೂ ದುಡ್ಡು ಬೇಕಾಗುತ್ತೆ ಅಂತ ಸುಮ್ನಿದ್ದೆ.”

ನೀವೇ ಹೇಳಿ, ಹನ್ನೆರಡು ವರ್ಷದ ಹುಡುಗಿ ಇಂಥ ಮಾತು ಆಡಿದರೆ ತಾಯಿಯಾದವಳು ಏನು ಉತ್ತರ ಕೊಡಬೇಕು? ಅದೇ ಹಿಂದಿನ ವಾರ ನವರಾತ್ರಿ ಅರಿಶಿನ ಕುಂಕುಮಕ್ಕೆ ಬಂದವರ ಮುಂದೆ ನಾನು ಹೆಮ್ಮೆಯಿಂದ ಹೇಳಿಕೊಂಡಿದ್ದೆ, “ನನ್ನ ಮಗಳು ಬಿಡಿ, ಒಂದು ದಿನಾನೂ ತೊಂದರೆ ಕೊಟ್ಟೋಳಲ್ಲ” ಅಂತ!

ನನ್ನ ಚಿಕ್ಕವನಿಗೆ ಈಗ ಎಂಟು ವರ್ಷ. ಮನೆಯಲ್ಲಿ ಅವನನ್ನು ಪುಟ್ಟ ಅಂತಲೇ ಕರೆಯೋದು. ಎರಡೂವರೆ ವರ್ಷ ತುಂಬಿದರೂ ಹೆಸರು ಹಿಡಿದು ಕರೆದರೆ ತಿರುಗಿ ನೋಡುತ್ತಿರಲಿಲ್ಲ. ಬಾಗಿಲ ಹತ್ತಿರದ ಚಪ್ಪಲಿಗಳನ್ನೆಲ್ಲ ಸಾಲಾಗಿ ಜೋಡಿಸುವುದು, ಯಾರಾದರೂ ಒಂದನ್ನು ಹಾಕಿಕೊಂಡು ಹೋದರೆ ಗಂಟೆಗಟ್ಟಲೆ ಅಳುವುದು. “ಗಂಡು ಹುಡುಗರಿಗೆ ಮಾತು ತಡ, ಅವನಪ್ಪನೂ ಹಾಗೇ ಇದ್ದ” ಅಂತ ಅತ್ತೆಯವರ ಸಮಾಧಾನ. ನನ್ನ ತವರು ಮೈಸೂರು. ಅಲ್ಲಿ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆಯಲ್ಲ, ಅಲ್ಲಿಗೆ ಅಮ್ಮನೇ ಹಟ ಮಾಡಿ ಕರೆಸಿಕೊಂಡು ತೋರಿಸಿದರು. ಕಿವಿ ಸರಿಯಾಗಿದೆ, ಇದು ಆಟಿಸಂ ಅಂದರು. ಆ ದಿನದ ಅಳು, ಹರಕೆ, ಜ್ಯೋತಿಷ್ಯ ಎಲ್ಲ ಇಲ್ಲಿ ಬರೆಯುವುದಿಲ್ಲ. ಅಂಥ ಮಕ್ಕಳಿರುವ ತಾಯಂದಿರಿಗೆ ಅದೆಲ್ಲ ಗೊತ್ತು, ಉಳಿದವರಿಗೆ ಬರೆದರೂ ತಿಳಿಯುವುದು ಕಷ್ಟ.

ಆಮೇಲೆ ನಮ್ಮ ಮನೆಯ ಗಡಿಯಾರವೇ ಅವನದಾಯಿತು. ವಾರಕ್ಕೆ ಮೂರು ದಿನ ಸ್ಪೀಚ್ ಥೆರಪಿ, ಎರಡು ದಿನ ಆಕ್ಯುಪೇಷನಲ್ ಥೆರಪಿ, ಮನೆಯಲ್ಲಿ ದಿನಾ ಒಂದು ಗಂಟೆ ಅಭ್ಯಾಸ. ಟಿವಿ ಸದ್ದು ಎಷ್ಟಿರಬೇಕು, ಮಿಕ್ಸಿ ಯಾವಾಗ ಹಾಕಬೇಕು, ಯಾವ ಮದುವೆಗೆ ಹೋಗಬಹುದು, ಎಲ್ಲ ಅವನನ್ನು ನೋಡಿಕೊಂಡೇ ತೀರ್ಮಾನ. ಇದು ತಪ್ಪು ಅಂತ ಹೇಳುತ್ತಿಲ್ಲ. ಅವನಿಗೆ ಬೇಕಿತ್ತು, ಕೊಟ್ಟೆವು. ಇಂದು ಅವನು “ಅಮ್ಮ, ನೀರು ಬೇಕು” ಅಂತಾನೆ. ಆ ಮೂರು ಪದಕ್ಕೆ ಮೂರು ವರ್ಷ ಬೇಕಾಯಿತು.

ಆದರೆ ಅದೇ ಮನೆಯಲ್ಲಿ ಇನ್ನೊಂದು ಮಗುವೂ ಇತ್ತು. ತಾನೇ ಜಡೆ ಹೆಣೆದುಕೊಳ್ಳಲು ಕಲಿತ, ತಾನೇ ಟಿಫನ್ ಡಬ್ಬಿ ತುಂಬಿಕೊಳ್ಳುವ, ಪ್ರೋಗ್ರೆಸ್ ಕಾರ್ಡಿಗೆ ಸಹಿ ಬೇಕಾದಾಗ ಮಾತ್ರ ಹತ್ತಿರ ಬರುವ ಮಗು. ಇಂಥ ಮಕ್ಕಳಿಗೆ ಇಂಗ್ಲಿಷ್‌ನಲ್ಲಿ ‘ಗ್ಲಾಸ್ ಚೈಲ್ಡ್’ ಅಂತ ಹೇಳುತ್ತಾರೆ. ಗಾಜಿನ ಹಾಗೆ ಒಡೆಯುತ್ತವೆ ಅಂತಲ್ಲ. ಗಾಜಿನ ಆಚೆಗಿನದನ್ನು ನೋಡುತ್ತೇವಲ್ಲ, ಹಾಗೆ ತಂದೆ ತಾಯಿ ಈ ಮಗುವಿನ ಆಚೆಗಿರುವ ಇನ್ನೊಂದು ಮಗುವನ್ನೇ ನೋಡುತ್ತಿರುತ್ತಾರೆ ಅಂತ. ಕನ್ನಡಕದ ಅಂಗಡಿಯಲ್ಲಿ ಅವಳಿಗೆ ಫ್ರೇಮ್ ಆರಿಸುತ್ತಾ ನಿಂತಿದ್ದಾಗ ಎಷ್ಟೋ ತಿಂಗಳಾದ ಮೇಲೆ ಅವಳ ಮುಖವನ್ನು ಅಷ್ಟು ಹತ್ತಿರದಿಂದ ನೋಡಿದೆ. ಹಣೆ ಮೇಲೆ ಮೊಡವೆ ಬಂದಿತ್ತು. ಯಾವಾಗ ಬಂತೋ!

“ನೀನು ದೊಡ್ಡೋಳು, ನೀನೇ ಅರ್ಥ ಮಾಡ್ಕೋಬೇಕು.” ನಮ್ಮ ಮನೆಗಳಲ್ಲಿ ಇದು ಎಲ್ಲ ತಾಯಂದಿರ ಬಾಯಲ್ಲೂ ಬರುವ ಮಾತೇ. ವಿಶೇಷ ಮಗು ಇರುವ ಮನೆಯಲ್ಲಿ ಇದು ದಿನಕ್ಕೆ ಹತ್ತು ಸಲ ಬರುತ್ತದೆ. ಒಮ್ಮೆ ಮಗಳು ವಿಜ್ಞಾನ ಪ್ರದರ್ಶನಕ್ಕೆ ಎರಡು ದಿನ ಕೂತು ಹೃದಯದ ಚಾರ್ಟ್ ಬರೆದಿದ್ದಳು. ನೀಲಿ, ಕೆಂಪು ಬಣ್ಣ ಎಲ್ಲ ತುಂಬಿ ಒಣಗಲು ಇಟ್ಟಿದ್ದಳು. ಪುಟ್ಟ ಬಂದು ಅದನ್ನು ಉದ್ದುದ್ದ ಹರಿದು ಪಟ್ಟಿಗಳನ್ನು ಸಾಲಾಗಿ ಜೋಡಿಸಿಟ್ಟ. ಅವಳು ಕಿರುಚಿದಾಗ ನಾನು ಓಡಿ ಬಂದು ಏನಂದೆ ಗೊತ್ತಾ? “ಕಿರುಚಬೇಡ್ವೇ, ಅವನು ಹೆದರ್ಕೋತಾನೆ. ಅವನಿಗೆ ಗೊತ್ತಾಗಲ್ಲ ಕಣೇ.” ಅವಳು ಬಾಯಿ ಮುಚ್ಚಿದಳು. ರಾತ್ರಿ ಹನ್ನೊಂದರವರೆಗೆ ಕೂತು ಇನ್ನೊಂದು ಚಾರ್ಟ್ ಬರೆದಳು. ಆಹಾ, ಎಷ್ಟು ಒಳ್ಳೆಯ ಹುಡುಗಿ ಅಂದುಕೊಂಡು ನಾನು ಮಲಗಿದೆ!

ಈಗ ಯೋಚಿಸಿದರೆ, ಅವಳಿಗೆ ಬೇಕಾಗಿದ್ದದ್ದು ಒಂದೇ ಮಾತು. “ಎರಡು ದಿನದ ಕೆಲಸ ಹಾಳಾಯ್ತಲ್ಲೇ, ಸಿಟ್ಟು ಬರೋದು ನ್ಯಾಯ.” ಅವನಿಗೆ ಗೊತ್ತಾಗಲ್ಲ ಅನ್ನುವುದು ಎಷ್ಟು ನಿಜವೋ ಅವಳ ಚಾರ್ಟ್ ಹರಿದದ್ದೂ ಅಷ್ಟೇ ನಿಜ. ಒಂದು ನಿಜ ಹೇಳಿ ಇನ್ನೊಂದನ್ನು ಮುಚ್ಚಿಬಿಟ್ಟೆ. ಹೀಗೆ ಮುಚ್ಚಿಸಿಕೊಂಡ ಸಿಟ್ಟು ಎಲ್ಲಿಗೂ ಹೋಗುವುದಿಲ್ಲ. ತಮ್ಮನ ಮೇಲೆ ಸಿಟ್ಟು ಬಂತಲ್ಲ, ಅವನೇ ಪಾಪ, ನಾನೇ ಕೆಟ್ಟವಳು ಅಂತ ಮಗು ತನ್ನ ಮೇಲೇ ತಿರುಗಿಸಿಕೊಳ್ಳುತ್ತದೆ.

ಕನ್ನಡಕದ ಪ್ರಕರಣ ಆದ ಮೇಲೆ ನಾನು ಅವಳ ಜೊತೆ ರಾತ್ರಿ ಮಲಗುವ ಮುಂಚೆ ಸ್ವಲ್ಪ ಹೊತ್ತು ಕೂರಲು ಶುರು ಮಾಡಿದೆ. ಮೊದಲ ವಾರ ಏನೂ ಮಾತಿಲ್ಲ. “ಏನು ಸಮಾಚಾರ?” ಅಂದರೆ “ಏನಿಲ್ಲ.” ಎರಡನೇ ವಾರವೋ ಮೂರನೇ ವಾರವೋ ದೀಪ ಆರಿಸಿದ ಮೇಲೆ ಕತ್ತಲಲ್ಲಿ ಕೇಳಿದಳು: “ಅಮ್ಮಾ, ಪುಟ್ಟ ಸಣ್ಣವನಿದ್ದಾಗ ನಾನು ತೊಟ್ಟಿಲು ಜೋರಾಗಿ ತೂಗಿ ಅವನ ತಲೆ ಗೋಡೆಗೆ ತಾಗಿತ್ತು. ನೀನು ಅಡುಗೆಮನೇಲಿದ್ದೆ. ಅದಕ್ಕೇನಾ ಅವನಿಗೆ ಹೀಗಾಗಿದ್ದು?”

ನಾಲ್ಕು ವರ್ಷದವಳಿದ್ದಾಗ ನಡೆದದ್ದನ್ನು ಎಂಟು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡಿದ್ದಳು. ಎದ್ದು ದೀಪ ಹಾಕಿ ಹೇಳಿದೆ. ಆಟಿಸಂ ಬರುವುದು ಪೆಟ್ಟಿನಿಂದಲ್ಲ, ಯಾರೋ ಬೈದದ್ದರಿಂದಲ್ಲ, ಲಸಿಕೆಯಿಂದಲ್ಲ, ಬೆಳೆಸಿದ ರೀತಿಯಿಂದಲೂ ಅಲ್ಲ. ಮಿದುಳು ಬೆಳೆಯುವ ರೀತಿಯಲ್ಲೇ ಇರುವ ವ್ಯತ್ಯಾಸ ಅದು. ಅದರಲ್ಲಿ ವಂಶವಾಹಿಗಳ ಪಾತ್ರ ದೊಡ್ಡದು. ಬಹಳಷ್ಟು ಮಟ್ಟಿಗೆ ಹುಟ್ಟುವ ಮುಂಚೆಯೇ ಶುರುವಾಗಿರುತ್ತದೆ. ಇಷ್ಟನ್ನು ಡಾಕ್ಟರು ನಮಗೆ ಎಂದೋ ಹೇಳಿದ್ದರು. ನಾವು ಅತ್ತೆಗೆ ಹೇಳಿದೆವು, ನೆಂಟರಿಗೆ ಹೇಳಿದೆವು, ಪಕ್ಕದ ಮನೆಯವರಿಗೂ ಹೇಳಿದೆವು. ಮನೆಯಲ್ಲೇ ಇದ್ದ ಮಗುವಿಗೆ ಮಾತ್ರ ಕೂರಿಸಿಕೊಂಡು ಹೇಳಿರಲಿಲ್ಲ! ಅವಳಿಗೆ ಹೇಗೂ ಗೊತ್ತಿರುತ್ತೆ ಅಂದುಕೊಂಡಿದ್ದೆವು.

ನಿಮ್ಮ ಮನೆಯಲ್ಲಿ ಇಂಥ ಮಗುವಿದ್ದರೆ, ಅಣ್ಣನೋ ಅಕ್ಕನೋ ತಂಗಿಯೋ ಎಷ್ಟೇ ಚಿಕ್ಕವರಿರಲಿ, ದಯವಿಟ್ಟು ಹೇಳಿಬಿಡಿ. ನಾಲ್ಕು ವರ್ಷದ ಮಗುವಿಗೆ “ತಮ್ಮನಿಗೆ ಮಾತು ಕಲಿಯೋಕೆ ಕಷ್ಟ, ಯಾರ ತಪ್ಪೂ ಅಲ್ಲ, ನಿನಗೆ ಇದು ಅಂಟಿಕೊಳ್ಳಲ್ಲ” ಅಂದರೆ ಸಾಕು. ಹತ್ತು ವರ್ಷದವರಿಗೆ ಕಾಯಿಲೆಯ ಹೆಸರು ಹೇಳಿ. ಅಯ್ಯೋ, ಕಾಯಿಲೆ ಅಂತ ಬರೆದುಬಿಟ್ಟೆ ನೋಡಿ, ಅದು ಕಾಯಿಲೆಯಲ್ಲ. ಇಷ್ಟು ವರ್ಷವಾದರೂ ನನ್ನ ಬಾಯಿಂದಲೇ ಆ ಪದ ಹೋಗಿಲ್ಲ. ಒಂದೇ ಸಲ ಹೇಳಿ ಮುಗಿಸಬೇಡಿ. ಮಗು ಬೆಳೆದಂತೆ ಪ್ರಶ್ನೆಯೂ ಬೆಳೆಯುತ್ತೆ.

ಇನ್ನು, ಎರಡೂ ಮಕ್ಕಳಿಗೆ ಸಮಸಮ ಸಮಯ ಕೊಡಿ ಅಂತ ಯಾರಾದರೂ ಉಪದೇಶ ಮಾಡಿದರೆ ನಂಬಬೇಡಿ. ಆಗುವ ಮಾತಲ್ಲ. ಒಂದು ಮಗುವಿಗೆ ಊಟ ಮಾಡಿಸಲು ಮುಕ್ಕಾಲು ಗಂಟೆ ಬೇಕು, ಇನ್ನೊಂದು ಹತ್ತು ನಿಮಿಷದಲ್ಲಿ ತಾನೇ ಉಂಡು ಏಳುತ್ತೆ. ಸಮಪಾಲು ಎಲ್ಲಿಂದ ತರೋದು? ಮಕ್ಕಳೂ ಅದನ್ನು ಕೇಳುವುದಿಲ್ಲ. ಅವರಿಗೆ ಬೇಕಾಗಿರೋದು ನೆಚ್ಚಿಕೊಳ್ಳಬಹುದಾದ ಸ್ವಲ್ಪ ಹೊತ್ತು, ತಮ್ಮನಿಗೆ ಜ್ವರ ಬಂದರೂ ರದ್ದಾಗದಂಥದ್ದು. ನಮ್ಮಲ್ಲಿ ಅದು ಶನಿವಾರ ಸಂಜೆ ಐದರಿಂದ ಆರೂವರೆ. ನಾನು, ಅವಳು, ಇಬ್ಬರೇ. ಮಸಾಲೆ ದೋಸೆ ತಿಂತೀವಿ, ಇಲ್ಲಾ ಸುಮ್ಮನೆ ಪಾರ್ಕಿನಲ್ಲಿ ಸುತ್ತು ಹಾಕ್ತೀವಿ. ಆ ಹೊತ್ತು ಪುಟ್ಟ ಅವರಪ್ಪನ ಜವಾಬ್ದಾರಿ. ಮೊದಮೊದಲು ನಮ್ಮನೆಯವರು ಹತ್ತು ನಿಮಿಷಕ್ಕೊಮ್ಮೆ ಫೋನ್ ಮಾಡಿ “ಅವನ ಚೆಡ್ಡಿ ಎಲ್ಲಿದೆ, ಅಳ್ತಿದಾನೆ ಏನು ಕೊಡ್ಲಿ” ಅನ್ನುತ್ತಿದ್ದರು. ಒಂದು ತಿಂಗಳು ಫೋನ್ ಎತ್ತಲಿಲ್ಲ. ಈಗ ಮಗನೂ ಅಪ್ಪನೂ ಚೆನ್ನಾಗೇ ಇರ್ತಾರೆ. ವಿಶೇಷ ಮಗುವಿನ ಎಲ್ಲ ಕೆಲಸವನ್ನೂ ತಾಯಿಯೇ ತಲೆ ಮೇಲೆ ಹೊತ್ತುಕೊಂಡರೆ ಇನ್ನೊಂದು ಮಗುವಿನ ಪಾಲಿಗೆ ತಾಯಿ ಇರುವುದೇ ಇಲ್ಲ. ಇದನ್ನು ಗಂಡಂದಿರಿಗೆ ಬಿಡಿಸಿ ಹೇಳಲೇಬೇಕು. ಈ ಪುರವಣಿಯನ್ನು ನಮ್ಮನೆಯವರೂ ಓದುತ್ತಾರೆ, ಇರಲಿ.

ಬೀರುವಿನಲ್ಲಿ ಒಂದು ಖಾನೆ ಖಾಲಿ ಮಾಡಿ ಬೀಗ ಹಾಕಿಸಿ ಅವಳಿಗೆ ಕೊಟ್ಟೆ. ಕೀ ಅವಳ ಹತ್ತಿರವೇ. ಚಾರ್ಟು, ಬಣ್ಣ, ಡೈರಿ ಎಲ್ಲ ಅಲ್ಲಿ. ಸಣ್ಣ ವಿಷಯ ಅನಿಸಬಹುದು. ಆದರೆ ಮನೆಯಲ್ಲಿ ತಮ್ಮ ಮುಟ್ಟಬಾರದ ಒಂದು ಜಾಗ ಇದೆ ಅಂತ ಗೊತ್ತಾದ ಮೇಲೆ ಅವನು ರೂಮಿಗೆ ಬಂದರೆ ಅವಳು ಗಾಬರಿಯಾಗುವುದು ನಿಂತಿತು. ಅವನ ಮನೆ ಅಭ್ಯಾಸಕ್ಕೂ ಅವಳನ್ನು ಕೂರಿಸುವುದು ಬಿಟ್ಟೆ. ಮೊದಲು “ಸ್ವಲ್ಪ ಆ ಪಿಕ್ಚರ್ ಕಾರ್ಡ್ ತೋರಿಸೇ” ಅಂತ ದಿನಾ ಅವಳಿಗೇ ಒಪ್ಪಿಸುತ್ತಿದ್ದೆ. ಅವಳು ಅಕ್ಕ, ಥೆರಪಿಸ್ಟ್ ಅಲ್ಲ. ಈಗ ಮನಸ್ಸು ಬಂದರೆ ಆಡಿಸುತ್ತಾಳೆ, ಇಲ್ಲದಿದ್ದರೆ ಇಲ್ಲ. ಇಬ್ಬರೂ ಜಗಳವಾಡಿದರೆ ಅವನಿಗೂ ಬೈಗುಳ ಬೀಳುತ್ತೆ.

ಥೆರಪಿ ಸೆಂಟರಿನ ಹೊರಗಿನ ಬೆಂಚನ್ನು ನೀವು ನೋಡಿದ್ದೀರಾ? ಅಲ್ಲಿ ಯೂನಿಫಾರ್ಮ್ ಹಾಕಿಕೊಂಡ ಮೂರು ನಾಲ್ಕು ಮಕ್ಕಳು ತೊಡೆ ಮೇಲೆ ಪುಸ್ತಕ ಇಟ್ಟುಕೊಂಡು ಹೋಂವರ್ಕ್ ಮಾಡುತ್ತಾ ಕೂತಿರುತ್ತವೆ. ಒಳಗಿರುವ ಮಕ್ಕಳ ಅಕ್ಕಂದಿರು, ಅಣ್ಣಂದಿರು. ಐದು ವರ್ಷ ಆ ಬೆಂಚಿನ ಪಕ್ಕ ಕೂತು ನಾವು ತಾಯಂದಿರು ಪರಸ್ಪರ ಕಷ್ಟಸುಖ ಹೇಳಿಕೊಂಡಿದ್ದೇವೆ. ಆ ಮಕ್ಕಳೂ ಹಾಗೆ ಹೇಳಿಕೊಳ್ಳಬಹುದು ಅನ್ನುವುದು ನಮ್ಮ ತಲೆಗೇ ಬಂದಿರಲಿಲ್ಲ. ಅಮೆರಿಕದ ಡಾನ್ ಮೇಯರ್ ಎಂಬುವರು 1980ರ ದಶಕದಲ್ಲೇ ಇಂಥ ಮಕ್ಕಳಿಗಾಗಿ ‘ಸಿಬ್‌ಶಾಪ್’ ಎಂಬ ಕೂಟ ಶುರು ಮಾಡಿದರಂತೆ. ಆಟ, ಅಡುಗೆ, ನಡುನಡುವೆ ಮಾತು. ಓದಿದಾಗ ಇದಕ್ಕೇನು ದೊಡ್ಡ ಸಂಸ್ಥೆ ಬೇಕಾ ಅನ್ನಿಸಿತು. ನಾವು ಮೂವರು ತಾಯಂದಿರು ಸೇರಿ ಒಂದು ಭಾನುವಾರ ನಮ್ಮ ಮನೆಯಲ್ಲಿ ಐದು ಮಕ್ಕಳನ್ನು ಸೇರಿಸಿದೆವು. ಭೇಲ್‌ಪುರಿ ಸಾಮಾನು ಮುಂದಿಟ್ಟು ನೀವೇ ಮಾಡ್ಕೊಳ್ಳಿ ಅಂತ ರೂಮು ಬಿಟ್ಟು ಬಂದೆವು. ಅರ್ಧ ಗಂಟೆ ಆದ ಮೇಲೆ ಒಳಗಿಂದ ಜೋರು ನಗು. ಒಬ್ಬ ಹುಡುಗ, ಅವನ ತಂಗಿಗೆ ಡೌನ್ ಸಿಂಡ್ರೋಮ್, ಮದುವೆ ಮನೆಯಲ್ಲಿ ತಂಗಿ ವೇದಿಕೆ ಹತ್ತಿ ಮದುಮಗನ ಪೇಟ ತೆಗೆದು ತಾನೇ ಹಾಕಿಕೊಂಡ ಕಥೆ ಹೇಳುತ್ತಿದ್ದ. ನನ್ನ ಮಗಳು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. ಬೇರೆ ಕಡೆ ಈ ಕಥೆ ಹೇಳಿದರೆ ಜನ “ಅಯ್ಯೋ ಪಾಪ” ಅಂತಾರೆ. ಇಲ್ಲಿ ನಗಬಹುದಿತ್ತು.

ಇದುವರೆಗೆ ಬರೆದದ್ದು ಮನೆಯೊಳಗಿನ ಮಾತು. “ನಮ್ಮ ಮನೆಯಲ್ಲಿ ಅಂಥ ಮಗು ಇಲ್ಲ, ಇದು ನಮಗಲ್ಲ” ಅಂತ ಪುಟ ತಿರುಗಿಸಬೇಡಿ. ಮುಂದಿನದು ನಿಮಗೇ.

ಮಗಳು ಆರನೇ ಕ್ಲಾಸಿನಲ್ಲಿದ್ದಾಗ ಸ್ಕೂಲ್ ವ್ಯಾನಿನಲ್ಲಿ ಹಿಂದಿನ ಸೀಟು ಬಿಟ್ಟು ಡ್ರೈವರ್ ಪಕ್ಕ ಕೂರಲು ಶುರು ಮಾಡಿದಳು. ಕಾರಣ ತಿಳಿದದ್ದು ಬಹಳ ತಡವಾಗಿ. ಹಿಂದೆ ಕೂರುವ ಹುಡುಗರು ಅವಳನ್ನು ಹೆಸರಿನಿಂದ ಕರೆಯುತ್ತಿರಲಿಲ್ಲ, ‘ಲೂಸ್ ತಮ್ಮನ ಅಕ್ಕ’ ಅನ್ನುತ್ತಿದ್ದರು. ಆ ಹುಡುಗರು ಕೆಟ್ಟವರಲ್ಲ. ಅವರಲ್ಲೊಬ್ಬನ ತಾಯಿ ನನ್ನ ಸ್ನೇಹಿತೆಯೇ. ಆದರೆ ಈ ಪದ ಮಕ್ಕಳ ಬಾಯಿಗೆ ಎಲ್ಲಿಂದ ಬಂತು? ಮನೆಯಲ್ಲಿ ನಾವೇ “ಏನೋ ಲೂಸು ಥರ ಆಡ್ತೀಯ, ಮೆಂಟಲ್ಲಾ ನೀನು?” ಅಂತ ದಿನಕ್ಕೆಷ್ಟು ಸಲ ಬೈಯುತ್ತೇವೆ, ಎಣಿಸಿ ನೋಡಿ. ನಾನೂ ಬೈದಿದ್ದೇನೆ, ಪುಟ್ಟ ಹುಟ್ಟುವ ಮುಂಚೆ.

ಲಿಫ್ಟಿನಲ್ಲಿ ಪುಟ್ಟ ಕೈ ಅಲ್ಲಾಡಿಸುತ್ತಾ ಸದ್ದು ಮಾಡಿದಾಗ ಯಾರದೋ ಮಗು “ಅವನ್ಯಾಕೆ ಹಾಗ್ ಮಾಡ್ತಾನೆ?” ಅಂತ ಕೇಳುತ್ತೆ. ತಕ್ಷಣ ತಾಯಿ “ಶ್! ಸುಮ್ನಿರು” ಅಂತ ಮಗುವನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಾಳೆ. ನಮಗೆ ನೋವಾಗಬಾರದು ಅಂತಲೇ ಎಳೆದುಕೊಳ್ಳುವುದು, ಗೊತ್ತು. ಆದರೆ ಆ ಎಳೆತದಿಂದ ಮಗು ಕಲಿಯುವುದು ಇಷ್ಟೇ, ಇದೇನೋ ಹೆದರಿಕೆಯ ವಿಷಯ, ದೂರ ಇರಬೇಕು ಅಂತ. ಪ್ರಶ್ನೆ ಕೇಳಲು ಬಿಡಿ. “ಅವನಿಗೆ ಖುಷಿಯಾದಾಗ ಹಾಗ್ ಮಾಡ್ತಾನೆ, ನೀನು ಕುಣಿಯಲ್ವಾ ಹಾಗೆ” ಅಂತ ನಾನೇ ಹೇಳ್ತೀನಿ. ಎಂಟು ವರ್ಷದ ಮಕ್ಕಳಿಗೆ ಇಷ್ಟು ಸಾಕು, “ಓ, ಸರಿ” ಅಂತ ಹೋಗಿಬಿಡುತ್ತವೆ.

ಒಂದು ಸಂಜೆ ಧೈರ್ಯ ಮಾಡಿ ಅಪಾರ್ಟ್‌ಮೆಂಟಿನ ಕೆಳಗೆ ಲಗೋರಿ ಆಡುತ್ತಿದ್ದ ಮಕ್ಕಳ ಹತ್ತಿರ ಪುಟ್ಟನನ್ನು ಕರೆದುಕೊಂಡು ಹೋದೆ. ಚೆಂಡು, ಓಟ, ಕೂಗಾಟ ಅವನಿಗೆ ಬೇಡ. ಆದರೆ ಒಂದರ ಮೇಲೊಂದು ಏಳು ಕಲ್ಲು ಜೋಡಿಸುವುದು? ಅದಕ್ಕೇ ಹುಟ್ಟಿದವನ ಹಾಗೆ ಕೂತುಬಿಟ್ಟ! ಮಕ್ಕಳೇ ತೀರ್ಮಾನ ಮಾಡಿದವು, ಪ್ರತಿ ಆಟ ಶುರುವಾಗುವ ಮುಂಚೆ ಎರಡೂ ತಂಡಕ್ಕೂ ಕಲ್ಲು ಜೋಡಿಸಿ ಕೊಡೋನು ಪುಟ್ಟ, ಅವನು ಔಟ್ ಇಲ್ಲ, ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಅಂತ. ನಾವೂ ಚಿಕ್ಕವರಿದ್ದಾಗ ಪುಟಾಣಿ ತಮ್ಮ ತಂಗಿಯರನ್ನು ಹೀಗೇ ಸೇರಿಸಿಕೊಳ್ಳುತ್ತಿದ್ದೆವಲ್ಲ. ಯಾವ ಟ್ರೇನಿಂಗೂ ಇಲ್ಲದೆ ಮಕ್ಕಳು ದಾರಿ ಹುಡುಕಿದವು. ಅಂದು ಮಗಳು ಮೊದಲ ಸಲ ತಮ್ಮನ ಕಡೆ ತಿರುಗಿ ನೋಡುತ್ತಾ ನಿಲ್ಲದೆ, ಓಡಿ ಓಡಿ ಆಡಿದಳು. ನಿಜ ಹೇಳಬೇಕಂದ್ರೆ ಇಷ್ಟು ವರ್ಷ ಮನೆಯಲ್ಲಿ ಆಟಕ್ಕುಂಟು ಲೆಕ್ಕಕ್ಕಿಲ್ಲ ಆಗಿದ್ದವಳು ಅವಳೇ.

ನಿಮ್ಮ ಮಗುವಿನ ಕ್ಲಾಸಿನಲ್ಲಿ ಇಂಥ ತಮ್ಮನೋ ಅಣ್ಣನೋ ಇರುವ ಮಗುವೊಂದು ಇದ್ದೇ ಇರುತ್ತೆ. ಹುಟ್ಟುಹಬ್ಬಕ್ಕೆ ಕರೆಯುವಾಗ “ತಮ್ಮನ್ನೂ ಕರ್ಕೊಂಡು ಬಾ” ಅನ್ನಿ. ಕೆಲವು ಸಲ ಬೇಕಂತಲೇ ಅವಳೊಬ್ಬಳನ್ನೇ ಕರೆಯಿರಿ. ಎರಡೂ ಬೇಕಾಗುತ್ತೆ. ಸಂಜೆ ಥೆರಪಿ ಹೊತ್ತಿಗೆ ಒಂದು ಗಂಟೆ ನಿಮ್ಮ ಮನೆಯಲ್ಲಿ ನಿಮ್ಮ ಮಗಳ ಜೊತೆ ಆಡಿಕೊಂಡಿರಲಿ ಅಂತ ನೀವಾಗಿಯೇ ಹೇಳಿದರೆ, ಆ ತಾಯಿಗೆ ಅದಕ್ಕಿಂತ ದೊಡ್ಡ ಸಹಾಯವಿಲ್ಲ. ನಮಗೆ ಬಾಯಿಬಿಟ್ಟು ಕೇಳಲು ಸಂಕೋಚ. ಮತ್ತೆ ಆ ಮಗು ಮನೆಗೆ ಬಂದಾಗ ತಮ್ಮನ ವಿಷಯ ಬಿಟ್ಟು ಅವಳದ್ದೇ ಏನಾದರೂ ಕೇಳಿ. ಬಂದವರೆಲ್ಲ ಮೊದಲು ಕೇಳುವುದು “ತಮ್ಮ ಹೇಗಿದಾನೆ?” ಅಂತಲೇ.

ಶಾಲೆಗಳ ಮಾತು ಬೇರೆಯೇ ಬರೆಯಬೇಕು. ಮಗಳು ಓದುವ ಶಾಲೆಯಲ್ಲೇ ಪುಟ್ಟನಿಗೆ ಸೀಟು ಕೇಳಿದಾಗ “ನಮ್ಮಲ್ಲಿ ಅಂಥ ಸೌಲಭ್ಯ ಇಲ್ಲ” ಅಂದರು. 1995ರ ಅಂಗವಿಕಲರ ಕಾಯ್ದೆಯ ಏಳು ವಿಧಗಳಲ್ಲಿ ಆಟಿಸಂ ಹೆಸರೇ ಇರಲಿಲ್ಲ. 2016ರ ಹೊಸ ಕಾಯ್ದೆಯಲ್ಲಿ 21 ವಿಧಗಳಿವೆ, ಆಟಿಸಂ ಕೂಡ ಇದೆ. ಶೇಕಡ 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವ 6ರಿಂದ 18 ವರ್ಷದ ಮಗುವಿಗೆ ಹತ್ತಿರದ ಶಾಲೆಯಲ್ಲೋ ವಿಶೇಷ ಶಾಲೆಯಲ್ಲೋ ಉಚಿತ ಶಿಕ್ಷಣದ ಹಕ್ಕಿದೆ ಅಂತ ಅದು ಹೇಳುತ್ತೆ. ಕಾಗದದ ಮೇಲಿನ ಹಕ್ಕು ಮತ್ತು ಪ್ರಿನ್ಸಿಪಾಲರ ಕೋಣೆಯ ನಡುವೆ ದೂರ ಬಹಳ. ಆದರೆ “ನನ್ನ ಸ್ಕೂಲಿಗೆ ಪುಟ್ಟ ಯಾಕೆ ಬೇಡ?” ಅಂತ ಅಕ್ಕ ಕೇಳಿದಾಗ ನನಗೆ ಸುಳ್ಳು ಹೇಳಲಾಗಲಿಲ್ಲ. “ಅವರು ಮಾಡಿದ್ದು ತಪ್ಪು” ಅಂದೆ. ಅವಳು ದಿನಾ ಅದೇ ಗೇಟಿನೊಳಗೆ ಹೋಗಬೇಕು, ಅದೇ ಪ್ರಾರ್ಥನೆ ಹೇಳಬೇಕು.

ಕೊನೆಯದಾಗಿ, ನನಗೆ ಅತಿ ಹೆಚ್ಚು ಸಿಟ್ಟು ತರಿಸುವ ಮಾತು. ನೆಂಟರೊಬ್ಬರ ಗೃಹಪ್ರವೇಶದಲ್ಲಿ ಎಲೆ ಮುಂದೆ ಕೂತಿದ್ದಾಗ ನಮ್ಮನೆಯವರ ಸೋದರತ್ತೆ ಮಗಳ ಗಲ್ಲ ಹಿಡಿದು ಹೇಳಿದರು, “ಅಪ್ಪ ಅಮ್ಮ ಎಷ್ಟು ದಿನ ಇರ್ತಾರಮ್ಮಾ, ಮುಂದೆ ತಮ್ಮನ್ನ ನೀನೇ ನೋಡ್ಕೋಬೇಕು. ಅಂಥ ಗಂಡನ್ನೇ ನೋಡಿ ಮದುವೆ ಮಾಡ್ಬೇಕು.” ಹನ್ನೊಂದು ವರ್ಷದ ಮಗು! ಕೈಯಲ್ಲಿದ್ದ ಹೋಳಿಗೆ ಹಾಗೇ ಇಳಿಸಿದಳು. ಹಿರಿಯರು ಪ್ರೀತಿಯಿಂದಲೇ ಹೇಳಿದ್ದು, ನಾನು ಆಗ ಬಾಯಿ ಬಿಡಲಿಲ್ಲ. ಇವತ್ತಾಗಿದ್ದರೆ ಬಿಡುತ್ತಿದ್ದೆ. ಅಕ್ಕಪಕ್ಕದವರು ಏನಾದರೂ ಅಂದುಕೊಳ್ಳಲಿ. ಈ ಭಾರವನ್ನು ಮಗುವಿನ ಹೆಗಲಿಗೆ ಹಾಕಲು ನಮಗೆ ಅಧಿಕಾರವಿಲ್ಲ. ದೊಡ್ಡವಳಾದ ಮೇಲೆ ತಾನಾಗಿ ನೋಡಿಕೊಳ್ಳುತ್ತೇನೆ ಅಂದರೆ ಅದು ಅವಳ ಪ್ರೀತಿ. ಅಲ್ಲಿಯವರೆಗೆ ನಾಳೆಯ ಏರ್ಪಾಡು ತಂದೆ ತಾಯಿಯ ಕೆಲಸ.

ಏರ್ಪಾಡು ಅಂದರೆ ಬರೀ ದೇವರ ಮೇಲೆ ಭಾರ ಹಾಕುವುದಲ್ಲ, ಕಾಗದಪತ್ರ ಸರಿಮಾಡಿಕೊಳ್ಳುವುದು. ಮೊದಲು ಅಂಗವೈಕಲ್ಯದ ಯುಡಿಐಡಿ ಕಾರ್ಡ್ ಮಾಡಿಸಿ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ಅಂಗವೈಕಲ್ಯ ಇರುವವರಿಗಾಗಿ 1999ರಲ್ಲಿ ನ್ಯಾಷನಲ್ ಟ್ರಸ್ಟ್ ಕಾಯ್ದೆ ಬಂತು. ಅದರ ನಿರಾಮಯ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ರಕ್ಷಣೆ ಇದೆ. ಮಗುವಿಗೆ ಹದಿನೆಂಟು ತುಂಬುವವರೆಗೆ ತಂದೆ ತಾಯಿಯೇ ಪೋಷಕರು. ಆಮೇಲೂ ಪೋಷಕರಾಗಿರಬೇಕಾದರೆ ಇದೇ ಕಾಯ್ದೆಯಡಿ ಜಿಲ್ಲಾಧಿಕಾರಿ ಇರುವ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಿ ಕಾನೂನುಬದ್ಧ ಪೋಷಕರನ್ನು ನೇಮಿಸಿಕೊಳ್ಳಬೇಕಾಗುತ್ತೆ. “ಹೇಗೂ ಮನೆಯವರೇ ತಾನೆ” ಅಂತ ಸುಮ್ಮನಿದ್ದರೆ ಆಮೇಲೆ ಬ್ಯಾಂಕಿನಲ್ಲೂ ಆಸ್ತಿ ವಿಷಯದಲ್ಲೂ ಅಲೆಯುವವರು ಯಾರು? ಅದೇ ಅಕ್ಕ. ಉಯಿಲು ಮಾಡಿಸುವುದನ್ನು ನಮ್ಮಲ್ಲಿ ಅಪಶಕುನ ಅಂತಾರೆ. ನಮ್ಮನೆಯವರನ್ನು ಒಪ್ಪಿಸಲು ಎರಡು ವರ್ಷ ಬೇಕಾಯಿತು.

ಜೊತೆಗೆ ನಾನು ಒಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಪುಟ್ಟನ ವಿಷಯ ಬರೆದಿಡುತ್ತಿದ್ದೇನೆ. ಯಾರೇ ನೋಡಿಕೊಂಡರೂ ತಿಳಿಯಲಿ ಅಂತ. ಮೊಸರನ್ನದಲ್ಲಿ ಸಾಸಿವೆ ಕಂಡರೆ ಉಣ್ಣುವುದಿಲ್ಲ. ಕೂದಲು ಕತ್ತರಿಸಲು ಅಂಗಡಿಗೆ ಬೆಳಿಗ್ಗೆ ಜನ ಇಲ್ಲದ ಹೊತ್ತಿಗೇ ಹೋಗಬೇಕು. ಹೊಟ್ಟೆನೋವು ಬಂದರೆ ಹೇಳಲು ಬರದು, ಕಿವಿ ಹಿಡಿದುಕೊಳ್ಳುತ್ತಾನೆ. ಇಂಥವು.

ಮೊನ್ನೆ ಅದನ್ನು ತೆಗೆದು ನೋಡಿದರೆ ಅಲ್ಲಲ್ಲಿ ಪೆನ್ಸಿಲ್ ಗುರುತು. ‘ಮಿಕ್ಸಿ ಸದ್ದಿಗೆ ಹೆದರುತ್ತಾನೆ’ ಅಂತ ನಾನು ಬರೆದದ್ದರ ಪಕ್ಕ ಮಗಳ ಅಕ್ಷರ: ‘ಈಗ ಇಲ್ಲ. ಒಂದು ಎರಡು ಮೂರು ಹೇಳಿ ಆನ್ ಮಾಡಿದ್ರೆ ನಗ್ತಾನೆ.’ ನನಗೆ ಗೊತ್ತೇ ಇರಲಿಲ್ಲ. “ಇದು ನಿನ್ನ ಕೆಲಸ ಅಲ್ಲ ಕಣೇ, ಬರೀಲೇಬೇಕು ಅಂತೇನಿಲ್ಲ” ಅಂದೆ. “ಗೊತ್ತು. ತಪ್ಪಿತ್ತು, ಅದಕ್ಕೆ ತಿದ್ದಿದೆ” ಅಂದಳು, ಕನ್ನಡಕ ಒರೆಸಿಕೊಳ್ಳುತ್ತಾ.

ಈ ಶನಿವಾರ ದೋಸೆ ಬೇಡವಂತೆ. ಪುಸ್ತಕದ ಅಂಗಡಿಗೆ ಹೋಗಬೇಕಂತೆ, ಅಲ್ಲಿ ಒಂದು ಗಂಟೆ ನಾನು ಅವಸರ ಮಾಡಬಾರದಂತೆ. ಪುಟ್ಟನಿಗೆ ನೆಗಡಿ ಇದೆ. ಅವರಪ್ಪ ನೋಡಿಕೊಳ್ಳುತ್ತಾರೆ.